ನಟ, ನಿರ್ದೇಶಕ, ನಿರೂಪಕ ಮುಂಡಪ್ಪಣ್ಣ

ವಾಮದಪದವಿನ ಮುಂಡಪ್ಪಣ್ಣನವರ ಸಿನಿಮಾ ಜೀವನ ಒಟ್ಟು ನಲವತ್ತೆರಡು ಸೆಕೆಂಡಿನದು. ಆ ನಲವತ್ತೆರಡು ಸೆಕೆಂಡೂ ಅವರು ಕಣ್ಣು ಮುಚ್ಚಿಕೊಂಡಿದ್ದರು. ಇಷ್ಟೇ ಬಂಡವಾಳದಲ್ಲಿ ಒಬ್ಬ ಮನುಷ್ಯ ನಟ, ನಿರ್ದೇಶಕ ಮತ್ತು ಟಿವಿ ನಿರೂಪಕನಾಗಿ ಹನ್ನೆರಡು ಅಡಿಯ ಫ್ಲೆಕ್ಸಿನಲ್ಲಿ ಹೇಗೆ ನಿಂತ ಎಂದು ಕೇಳುವವರು ನಮ್ಮ ಕಡೆಯ ಸನ್ಮಾನಗಳನ್ನು ನೋಡಿದವರಲ್ಲ.

ಮುಂಡಪ್ಪಣ್ಣನಿಗೆ ಪೇಟೆಯ ತಿರುವಿನಲ್ಲಿ ಸಣ್ಣದೊಂದು ಹೋಟೆಲು. ಬನ್ಸ್, ಗೋಳಿಬಜೆ, ಚಾ. ಮನೆಯಲ್ಲಿ ಹೆಂಡತಿ ರಾಜೀವಿ. ಎಲ್ಲ ಶುರುವಾದದ್ದು ಕಳೆದ ವರ್ಷ ದೀಪಾವಳಿ ಮುಗಿದ ವಾರದಲ್ಲಿ, ರಾಜೀವಿ ಗಂಡನ ಜಾತಕ ಹಿಡಿದುಕೊಂಡು ಜೋಯಿಸರ ಬಳಿ ಹೋದಾಗ. ಜೋಯಿಸರು ಕವಡೆಗಳನ್ನು ಅತ್ತಿಂದಿತ್ತ ಸರಿಸಿ, ಕನ್ನಡಕ ತೆಗೆದು ಒರೆಸಿ, "ಐವತ್ತಾರು ತುಂಬುವುದರ ಒಳಗೆ ಇವರಿಗೊಂದು ದೊಡ್ಡ ಗಂಡಾಂತರ ಉಂಟಮ್ಮಾ. ಅದು ದಾಟಿದರೆ ಎಂಬತ್ತರವರೆಗೆ ಯೋಚನೆ ಇಲ್ಲ" ಎಂದರು. ಐವತ್ತಾರು ತುಂಬಲು ಸರಿಯಾಗಿ ಒಂದು ವರ್ಷವಿತ್ತು. ರಾಜೀವಿ ಅಲ್ಲೇ ಕೈ ಮುಗಿದು, ಇವರು ಐವತ್ತಾರು ದಾಟುವವರೆಗೆ ನಾನು ಮೀನು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತುಕೊಂಡಳು.

ಘಟ್ಟದ ಮೇಲಿನವರಿಗೆ ಇದು ಸಣ್ಣ ಹರಕೆ ಅನ್ನಿಸಬಹುದು. ರಾಜೀವಿಯನ್ನು ಬಲ್ಲವರಿಗೆ ಹಾಗೆ ಅನ್ನಿಸಲಿಲ್ಲ. ಹೆರಿಗೆಯ ನೋವು ಶುರುವಾದ ಮೇಲೂ ಬೂತಾಯಿ ಮೀನಿನ ಪುಳಿಮುಂಚಿಯನ್ನು ಒಲೆಯಿಂದ ಇಳಿಸಿಯೇ ಜೀಪು ಹತ್ತಿದ ಹೆಂಗಸು ಅವಳು. ದಿನಾ ಬೆಳಿಗ್ಗೆ ಎಂಟೂವರೆಗೆ ಮೀನಿನ ಅಬ್ದುಲ್ ನಾಸಿರನ ಸ್ಕೂಟರು ಹಾರ್ನ್ ಹೊಡೆಯುತ್ತ ಬಂದರೆ ಈಗ ಅವಳು ಒಳಗೆ ಹೋಗಿ ಮಿಕ್ಸಿ ಹಾಕುತ್ತಿದ್ದಳು. ಅದರಲ್ಲಿ ಅರೆಯಲು ಏನೂ ಇರುತ್ತಿರಲಿಲ್ಲ. ಹಾರ್ನ್ ಕೇಳಬಾರದು, ಅಷ್ಟೆ.

ಮುಂಡಪ್ಪಣ್ಣನಿಗೂ ಮನೆಯಲ್ಲಿ ತೊಂಡೆಕಾಯಿಯೇ ಗತಿಯಾಯಿತು. ಅವರು ವಾರಕ್ಕೊಮ್ಮೆ ಬ್ಯಾಂಕಿನ ಕೆಲಸವೆಂದು ಬಂಟ್ವಾಳಕ್ಕೆ ಹೋಗಿ, ಅಂಜಲ್ ಮೀನಿನ ಫ್ರೈ ತಿಂದು, ಸಾಬೂನಿನಲ್ಲಿ ಮೂರು ಸಲ ಕೈ ತೊಳೆದು ಬರುತ್ತಿದ್ದರು. ಅವರ ಜೀವಕ್ಕಾಗಿ ಒಬ್ಬಳು ಇಷ್ಟು ಕಷ್ಟಪಡುವಾಗ ಆ ಜೀವವನ್ನು ಚೆನ್ನಾಗಿ ನೋಡಿಕೊಳ್ಳುವುದು ತಮ್ಮ ಕರ್ತವ್ಯ ಎಂದು ಅವರು ತಿಳಿದಿದ್ದರು.

ಹರಕೆಯ ಒಂಬತ್ತನೆಯ ದಿನ ಕೊಕ್ಕಡದಲ್ಲಿ ಮುಂಡಪ್ಪಣ್ಣನ ತಂಗಿಯ ಹೊಸ ಮನೆಯ ಒಕ್ಕಲು. ಹೋಟೆಲು ಬಿಟ್ಟು ರಾಜೀವಿ ಬರಲಿಲ್ಲ, ಅವರೊಬ್ಬರೇ ಹೋದರು. ಆರು ಹೋಳಿಗೆ ಹೊಡೆದು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅಡ್ಡಾದರು. ಕಣ್ಣು ತೆರೆದಾಗ ಮೇಲಿಂದ ಒಬ್ಬಳು ಹುಡುಗಿ ಬಗ್ಗಿ ನೋಡುತ್ತಿದ್ದಳು.

"ಸಾರ್, ದಯವಿಟ್ಟು ಏಳ್ಬೇಡಿ. ಹಾಗೇ ಇರಿ. ತುಂಬಾ ಚೆನ್ನಾಗಿದೀರಿ."

ಅವಳು ಶರಣ್ಯಾ, ಬೆಂಗಳೂರಿನಿಂದ ಬಂದ ಸಿನಿಮಾ ತಂಡದ ಸಹಾಯಕ ನಿರ್ದೇಶಕಿ. ಪಕ್ಕದ ಗುಡ್ಡೆಯಲ್ಲಿ ಶೂಟಿಂಗು ನಿಂತುಹೋಗಿತ್ತು. ಊರ ಯಜಮಾನನಾದ ದೊಡ್ಡ ಗುರಿಕಾರನ ಹೆಣವಾಗಬೇಕಿದ್ದ ಕಲಾವಿದನ ತಾಯಿ ಫೋನು ಮಾಡಿ, ಚಟ್ಟ ಹತ್ತಿದರೆ ಮನೆ ಹತ್ತಬೇಡ ಎಂದಿದ್ದರಂತೆ. ಆತ ಮಂಗಳೂರು ಬಸ್ಸು ಹಿಡಿದಿದ್ದ. ಸಿನಿಮಾದ ನಿರ್ದೇಶಕ ಮನ್ವಿತ್ ಎಂಬವರು. ಅವರೇ ಅದರ ನಾಯಕನಟ, ಭಾನುವಾರ ಟಿವಿಯಲ್ಲಿ ಕಾರ್ಯಕ್ರಮ ನಡೆಸಿಕೊಡುವವರೂ ಅವರೇ. ಅಂಥವರು ಬೆಂಚಿನ ಬಳಿಗೇ ಬಂದು ಕೈ ಮುಗಿದು, "ಸಾರ್, ನೀವೇ ಕಾಪಾಡ್ಬೇಕು" ಎಂದರೆ ಯಾರು ತಾನೇ ಬೇಡವೆನ್ನುತ್ತಾರೆ? ಮುಂಡಪ್ಪಣ್ಣ ಅರ್ಧ ಗಂಟೆಯಲ್ಲಿ ಮೂಗಿಗೆ ಹತ್ತಿ, ಕಾಲ್ಬೆರಳಿಗೆ ದಾರ, ಎದೆಯ ಮೇಲೆ ಸೇವಂತಿಗೆ ಹಾರ ಹಾಕಿಸಿಕೊಂಡು ಚಟ್ಟದ ಮೇಲಿದ್ದರು.

ಹೊತ್ತವರಲ್ಲಿ ಒಬ್ಬ ಗಿಡ್ಡ. ಅದರಿಂದಾಗಿ ಚಟ್ಟ ಒಂದು ಕಡೆಗೆ ವಾಲಿತು. ಮುಂಡಪ್ಪಣ್ಣ ತಲೆಯೆತ್ತಿ, "ಸಮ ನಡೆಯಿರಿ ಮಾರಾಯ್ರೇ, ನಾನು ಬಿದ್ದು ಸತ್ತರೆ ಯಾರು ಜವಾಬ್ದಾರಿ?" ಎಂದರು. ಆಮೇಲೆ ತೂಗಾಟ ಹಿತವಾಗಿತ್ತು, ಹೋಳಿಗೆ ಹೊಟ್ಟೆಯಲ್ಲಿತ್ತು. ಶೂಟಿಂಗು ಮುಗಿದದ್ದು ಅವರಿಗೆ ಗೊತ್ತಾಗಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಮಾತ್ರ ಅವರಿಗೆ ಬೆವರಿತು. ಗಂಡ ಬದುಕಲಿ ಎಂದು ಒಬ್ಬಳು ಮೀನು ಬಿಟ್ಟು ಒಂಬತ್ತನೆಯ ದಿನಕ್ಕೆ ಆ ಗಂಡ ತಾನಾಗಿ ಹೋಗಿ ಚಟ್ಟದ ಮೇಲೆ ಮಲಗಿದ್ದಾನೆ. ಇದು ರಾಜೀವಿಗೆ ತಿಳಿದರೆ ಜೋಯಿಸರು ಹೇಳಿದ ಗಂಡಾಂತರಕ್ಕೆ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ.

ಆದರೆ ಹಣೆಯ ಗಂಧ, ಕಿವಿಯ ಹಿಂದಿನ ಪೌಡರು ಹೋಗಿರಲಿಲ್ಲ.

"ಇದೆಂತ ಮುಖಕ್ಕೆ?" ಎಂದು ರಾಜೀವಿ ಬಾಗಿಲಲ್ಲೇ ಕೇಳಿದಳು.

"ಸಿನಿಮಾದವರು ಬಿಡಲಿಲ್ಲ. ಸಣ್ಣ ಒಂದು ಪಾರ್ಟು ಮಾಡಿದೆ."

"ನೀವಾ? ಎಂತ ಪಾರ್ಟು?"

ಮುಂಡಪ್ಪಣ್ಣ ಸುಳ್ಳು ಹೇಳುವವರಲ್ಲ. ಹೇಳಿದ ಒಂದೊಂದು ಅಕ್ಷರವೂ ನಿಜ. "ಊರಿನ ದೊಡ್ಡ ಗುರಿಕಾರ. ನಾಲ್ಕು ಜನ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುವುದು. ಹಾರ ಉಂಟು, ಮುಂದೆ ಡೋಲು, ಹಿಂದೆ ನೂರೈವತ್ತು ಜನ."

"ಅಬ್ಬಾ! ಡಯಲಾಗು?"

"ಮಾತಿಲ್ಲ. ಪೂರ್ತಿ ಮುಖದಲ್ಲೇ."

ರಾಜೀವಿ ಮರುದಿನ ಸ್ವಸಹಾಯ ಸಂಘದ ಸಭೆಯಲ್ಲಿ, ಸಿನಿಮಾದವರು ನಮ್ಮವರನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡಿದ್ದನ್ನು ಹೇಳಿದಳು. ಸಂಜೆಗೆ ಅದು ಪೇಟೆಗೆ ಬಂತು. ಎರಡನೆಯ ದಿನ ಮಸ್ಕತ್ತಿನಲ್ಲಿರುವ ಅವಳ ತಮ್ಮ ರೋಹಿತ್, "ಭಾವಾ, ಇನ್ನು ನಮ್ಮನ್ನೆಲ್ಲ ಗುರ್ತ ಉಂಟಾ?" ಎಂದು ಮೂರು ನಿಮಿಷದ ವಾಯ್ಸ್ ಮೆಸೇಜು ಕಳಿಸಿದ.

ಅಷ್ಟಕ್ಕೇ ನಿಲ್ಲುತ್ತಿತ್ತೋ ಏನೋ. ಆದರೆ ಊರಿನ 'ಪದವು ಫ್ರೆಂಡ್ಸ್' ಸಂಘಕ್ಕೆ ಹತ್ತು ವರ್ಷ ತುಂಬಿತು. ಅಧ್ಯಕ್ಷ ಶೋಧನ್ ಏಪ್ರಿಲಿಗೆ ದಶಮಾನೋತ್ಸವ ಇಟ್ಟುಕೊಂಡ. ದಶಮಾನೋತ್ಸವವೆಂದರೆ ಸನ್ಮಾನ ಬೇಕು. ಊರಲ್ಲಿ ಸನ್ಮಾನಕ್ಕೆ ಅರ್ಹರಾದವರೆಲ್ಲ ಕನಿಷ್ಠ ಎರಡೆರಡು ಸಲ ಶಾಲು ಹೊದ್ದಾಗಿತ್ತು. ಇನ್ನೂ ಒಂದೂ ಶಾಲು ಬೀಳದೆ ಬರಿ ಹೆಗಲಲ್ಲಿ ಉಳಿದವರು ಮುಂಡಪ್ಪಣ್ಣ ಒಬ್ಬರೇ.

ಸನ್ಮಾನ ಪತ್ರ ಬರೆಯುವ ಹೊಣೆ ಮೂಡುಬಿದಿರೆಯ ಮುನಿರಾಜ ಮಾಸ್ಟ್ರಿಗೆ. ಕನ್ನಡ ಪಂಡಿತರಾಗಿ ನಿವೃತ್ತರಾದ ಮೇಲೆ ಅವರು ಮುನ್ನೂರಕ್ಕೂ ಹೆಚ್ಚು ಸನ್ಮಾನ ಪತ್ರ ಬರೆದಿದ್ದಾರೆ. ಅವರ ಪದ್ಧತಿಯಲ್ಲಿ ಮೊದಲು ಬರುವುದು ಚೌಕಟ್ಟು. ಮನುಷ್ಯ ಆಮೇಲೆ. ಶೋಧನ್ ಎರಡಡಿಗೆ ಒಂದೂವರೆ ಅಡಿಯ ಚೌಕಟ್ಟು ತಂದಾಗಿತ್ತು. ಮೇಲೆ ಮೂರು ಬಂಗಾರದ ಪಟ್ಟಿ, ಒಂದೊಂದರಲ್ಲಿ ಒಂದೊಂದು ಬಿರುದು ಬರೆಯಲು.

ಮಾಸ್ಟ್ರು ಹೋಟೆಲಿಗೆ ಬಂದು, ಬನ್ಸ್ ಮುರಿಯುತ್ತ ವಿಚಾರಣೆ ಶುರು ಮಾಡಿದರು.

"ನಟ ಆಯಿತು. ಒಂದು ಪಟ್ಟಿ ತುಂಬಿತು. ಇನ್ನೆರಡು ಉಂಟಲ್ಲ? ಶೂಟಿಂಗಿನಲ್ಲಿ ಅಭಿನಯ ಬಿಟ್ಟು ಬೇರೆ ಎಂತ ಮಾಡಿದಿರಿ?"

"ಎಂತ ಮಾಡುವುದು ಮಾಸ್ಟ್ರೇ? ನಾಲ್ಕು ಜನರಿಗೆ ಸಮ ನಡೆಯಿರಿ ಅಂತ ಹೇಳಿದೆ."

"ನಡೆದರಾ?"

"ನಡೆದರು."

"ಹಾಗಾದರೆ ನಿರ್ದೇಶಕ" ಎಂದು ಮಾಸ್ಟ್ರು ಬರೆದುಕೊಂಡರು. "ಟಿವಿಯಲ್ಲಿ ಏನಾದರೂ?"

ಮುಂಡಪ್ಪಣ್ಣ ನೆನಪು ಮಾಡಿಕೊಂಡರು. ಹಿಂದಿನ ವರ್ಷ ಕಂಬಳದಲ್ಲಿ ಕೇಬಲ್ ಚಾನೆಲಿನ ಹುಡುಗ, ಮೂತ್ರಕ್ಕೆ ಹೋಗಿ ಬರ್ತೇನೆ, ಸ್ವಲ್ಪ ಹಿಡಿಯಿರಿ ಎಂದು ಮೈಕು ಕೊಟ್ಟು ಹೋಗಿದ್ದ. ಅವರು ಅದಕ್ಕೆ ಹಲೋ ಹಲೋ, ಕೇಳ್ತಾ ಉಂಟಾ ಎಂದಿದ್ದರು.

"ಆಗ ನೇರ ಪ್ರಸಾರ ಇತ್ತಾ?"

"ಇತ್ತಂತೆ."

"ಎಷ್ಟು ಜಿಲ್ಲೆಗೆ?"

"ಎರಡು."

"ಕಿರುತೆರೆ ನಿರೂಪಕ" ಎಂದು ಬರೆದು ಮಾಸ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ಮುಂಡಪ್ಪಣ್ಣನಿಗೆ ಬೇಡವೆನ್ನಬೇಕು ಅನ್ನಿಸಿತು. ಅಷ್ಟರಲ್ಲಿ ರಾಜೀವಿ ಅಡುಗೆಕೋಣೆಯಿಂದ ಮುಖ ಹೊರಗೆ ಹಾಕಿದಳು. ಐದು ತಿಂಗಳಲ್ಲಿ ಅವಳ ಮುಖದಲ್ಲಿ ಅಂಥ ಕಳೆ ಬಂದದ್ದು ಅದೇ ಮೊದಲು. ಅವರು ಮಾಸ್ಟ್ರಿಗೆ ಇನ್ನೊಂದು ಚಾ ಹೊಯ್ದರು.

ಫ್ಲೆಕ್ಸು ಎದ್ದಿತು. ಕಪ್ಪು ಕನ್ನಡಕದ ಮುಂಡಪ್ಪಣ್ಣ, ಕೆಳಗೆ ಮೂರು ಬಿರುದು. ಕನ್ನಡಕ ಶೋಧನ್ ಕಂಪ್ಯೂಟರಿನಲ್ಲಿ ಹಾಕಿಸಿದ್ದು. ಮರುದಿನ ಮೂಡುಬಿದಿರೆಯ ಕಾಲೇಜಿನಿಂದ ಸುರಕ್ಷಾ ಎಂಬ ಹುಡುಗಿ ಮೂವರು ಗೆಳತಿಯರೊಂದಿಗೆ ಬಂದು, "ಸರ್, ಒಂದು ಚಾನ್ಸ್ ಕೊಡಿ" ಎಂದು ಹೋಟೆಲಿನ ನಡುವೆ ನಿಂತು ತಾಯಿ ಸತ್ತ ದೃಶ್ಯ ಮಾಡಿ ತೋರಿಸಿದಳು. ಚಾ ಕುಡಿಯುತ್ತಿದ್ದ ಇಬ್ಬರು ನಿಜವೆಂದು ತಿಳಿದು ಎದ್ದು ಬಂದು ಸಮಾಧಾನ ಮಾಡಿದರು. ಮುಂಡಪ್ಪಣ್ಣ ನಾಲ್ವರಿಗೂ ಬನ್ಸ್ ಕೊಟ್ಟರು. ಆಯ್ಕೆಯಾಯಿತೆಂದು ತಿಳಿದು ಹುಡುಗಿಯರು ಕಾಲಿಗೆ ಬಿದ್ದು ಹೋದರು.

ಪಂಚಾಯತಿನ ಪಿಡಿಒ ಸಾಹೇಬರು ಬಂದು, ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ನಾವು ಹೇಳಿದರೆ ಜನ ಕೇಳುವುದಿಲ್ಲ, ಕಲಾವಿದರು ಹೇಳಬೇಕು ಎಂದು ಮೊಬೈಲು ಮುಂದೆ ಹಿಡಿದರು. ಅಂದಿನಿಂದ ಪಂಚಾಯತಿನ ಕಸದ ಗಾಡಿ, "ನಾನು ನಿಮ್ಮ ಮುಂಡಪ್ಪ. ನಟ, ನಿರ್ದೇಶಕ, ಕಿರುತೆರೆ ನಿರೂಪಕ" ಎಂದು ಕೂಗುತ್ತ ಊರೆಲ್ಲ ಸುತ್ತಿತು. ರಾಜೀವಿ ಕಸ ಇಲ್ಲದಿದ್ದರೂ ಗೇಟಿಗೆ ಹೋಗಿ ನಿಂತು ಕೇಳುತ್ತಿದ್ದಳು.

ಕಾರ್ಯಕ್ರಮದ ದಿನ ಮಧ್ಯಾಹ್ನ ಮೈಕು, ಲೈಟಿನ ಅಬೂಬಕ್ಕರ್ ಹೋಟೆಲಿನ ಹಿಂಬಾಗಿಲಿಗೆ ಬಂದರು. ಬಂಟ್ವಾಳದವರು. ದಪ್ಪ ಮೀಸೆಯ, ಮೆಲ್ಲಗೆ ಮಾತಾಡುವ ಮನುಷ್ಯ.

"ಮುಂಡಪ್ಪಣ್ಣ, ಒಂದು ಮಾತು. ಶೋಧನ್ ಆ ಡೈರೆಕ್ಟರಿಗೆ ಫೋನು ಮಾಡಿದ್ದನಂತೆ. ಅವರು ಬರುವುದಿಲ್ಲ. ಆದರೆ ಪಿಕ್ಚರು ಬರುವ ವಾರ ರಿಲೀಸು ನೋಡಿ, ಪ್ರಚಾರಕ್ಕೆ ಅಂತ ನಿಮ್ಮ ಸೀನು ಕಳಿಸಿದ್ದಾರೆ. ಎಲ್‌ಇಡಿ ಪರದೆಗೆ ಹಾಕ್ಲಿಕ್ಕೆ ನನ್ನ ಕೈಗೆ ಕೊಟ್ಟದ್ದು. ನಾನೊಬ್ಬನೇ ನೋಡಿದ್ದು."

ಮುಂಡಪ್ಪಣ್ಣನ ಕೈಯ ಜಾಲರಿಸೌಟು ಎಣ್ಣೆಗೆ ಬಿತ್ತು.

"ಪೂರಾ ನೋಡಿದಿರಾ ಸಾಹೇಬ್ರೇ?"

"ಪೂರಾ. ಒಳ್ಳೆಯ ಸಾವು. ಆದರೆ ಇಲ್ಲಿ ಎಲ್ಲರೂ ಹೇಳುವ ಸೀನು ಅದಲ್ಲವಲ್ಲ?"

ಮುಂಡಪ್ಪಣ್ಣ ಹರಕೆಯ ಕಥೆಯನ್ನೆಲ್ಲ ಹೇಳಿ ಅವರ ಕೈ ಹಿಡಿದುಕೊಂಡರು. "ಅವಳು ಐದು ತಿಂಗಳಿಂದ ಮೀನು ಮುಟ್ಟಲಿಲ್ಲ ಸಾಹೇಬ್ರೇ. ನನಗೋಸ್ಕರ. ಇದನ್ನು ನೋಡಿದರೆ ಅವಳ ಎದೆ ಒಡೀತದೆ."

ಇದು ಅಬೂಬಕ್ಕರಿಗೆ ತಾಗಿತು. ಐದು ತಿಂಗಳು ಮೀನಿಲ್ಲದ ಬದುಕನ್ನು ಅವರಿಂದ ಊಹಿಸಲೂ ಆಗಲಿಲ್ಲ. "ನೀವು ಹೆದರಬೇಡಿ. ಸೀನು ಶುರುವಾಗುವಾಗ ತಲೆಯ ಪೇಟ ಮುಟ್ಟಿ. ನಾನು ಮೇನ್ ಸ್ವಿಚ್ ಎಳೀತೇನೆ. ಕರೆಂಟ್ ಹೋಯ್ತು ಅಂತ ಎಲ್ಲರೂ ತಿಳೀತಾರೆ. ಕರೆಂಟ್ ಹೋದರೆ ಯಾರಾದರೂ ಕಾರಣ ಕೇಳುವುದುಂಟಾ?"

ಸಂಜೆ ಏಳೂವರೆಗೆ ಸಭೆ ಕಿಕ್ಕಿರಿದಿತ್ತು. ರಾಜೀವಿ ಮದುವೆಯ ಸೀರೆ ಉಟ್ಟು ಸಂಘದ ಹೆಂಗಸರ ಜೊತೆ ಮೊದಲನೆಯ ಸಾಲಿನಲ್ಲಿ ಕುಳಿತಿದ್ದಳು. ಪತ್ರ ಓದಿ ಮುಗಿದ ಮೇಲೆ ಶ್ರೀಮತಿಯವರನ್ನು ವೇದಿಕೆಗೆ ಕರೆಯುವುದೆಂದು ತೀರ್ಮಾನವಾಗಿತ್ತು. ಮುಂಡಪ್ಪಣ್ಣನಿಗೆ ಪೇಟ ಇಟ್ಟರು, ಶಾಲು ಹೊದೆಸಿದರು, ಮಡಿಲಿಗೆ ಹಣ್ಣಿನ ಬುಟ್ಟಿ ಇಟ್ಟರು. ಮುನಿರಾಜ ಮಾಸ್ಟ್ರು ಎದ್ದು ಗಂಟಲು ಸರಿ ಮಾಡಿಕೊಂಡರು.

"ಕಲಾಮಾತೆಯ ವರಪುತ್ರರೇ! ಜನಮಾನಸದಲ್ಲಿ ಸದಾ ಜಾಗೃತರಾಗಿರುವ ಚಿರಂಜೀವಿಯೇ!"

ಮೊದಲ ಪ್ಯಾರಾ ಮುಗಿಯುವಾಗ ಶೋಧನ್ ನಡುವೆ ನುಗ್ಗಿ, ಈಗ ಒಂದು ಸರ್‌ಪ್ರೈಸ್ ಉಂಟು ಎಂದ. ಹಿಂದಿನ ದೊಡ್ಡ ಪರದೆಯಲ್ಲಿ ನಿರ್ದೇಶಕ ಮನ್ವಿತ್ ಕಾಣಿಸಿಕೊಂಡರು. ಜನ ಶಿಳ್ಳೆ ಹಾಕಿದರು.

"ಮುಂಡಪ್ಪ ಸಾರ್‌ಗೆ ನಮಸ್ಕಾರ. ಅವತ್ತು ಅವರು ಸಿಗದೇ ಇದ್ದಿದ್ರೆ ನಮ್ಮ ಸಿನಿಮಾನೇ ಇರ್ತಿರ್ಲಿಲ್ಲ. ನಾನು ಹದಿನೈದು ವರ್ಷದಿಂದ ನಟಿಸ್ತಿದೀನಿ, ಅಷ್ಟು ಸಹಜವಾಗಿ ನನ್ನ ಕೈಲೂ ಆಗಲ್ಲ. ಡಬ್ಬಿಂಗ್ ಮಾಡೋಕೆ ಮುಂಚಿನ ದೃಶ್ಯ ಇದು. ಅವತ್ತಿನ ಶಬ್ದ ಹೇಗಿತ್ತೋ ಹಾಗೇ ಇದೆ. ನೋಡಿ."

ಮುಂಡಪ್ಪಣ್ಣ ಪೇಟ ಮುಟ್ಟಿದರು. ಮುಟ್ಟಿದರೆಂದರೆ, ಎರಡೂ ಕೈಯಲ್ಲಿ ಅದುಮಿದರು.

ಅಬೂಬಕ್ಕರ್ ಕೊಟ್ಟ ಮಾತಿಗೆ ತಪ್ಪುವವರಲ್ಲ. ಸ್ವಿಚ್ ಎಳೆದರು. ಚಪ್ಪರದ ಟ್ಯೂಬ್‌ಲೈಟು, ವೇದಿಕೆಯ ಫೋಕಸು, ಸೀರಿಯಲ್ ಬಲ್ಬು, ಎಲ್ಲ ಒಟ್ಟಿಗೆ ಆರಿದವು. ಆದರೆ ಆ ಸರ್‌ಪ್ರೈಸ್ ಕೆಡಬಾರದೆಂದು ಶೋಧನ್ ಸಂಜೆ ಯಾರಿಗೂ ಹೇಳದೆ ಪರದೆಯನ್ನೂ ಸೌಂಡನ್ನೂ ಜನರೇಟರಿಗೆ ಹಾಕಿಸಿಬಿಟ್ಟಿದ್ದ. ಥಿಯೇಟರಿನಲ್ಲೂ ಸಿಗದಂಥ ಕತ್ತಲೆಯಲ್ಲಿ, ಇಪ್ಪತ್ತಡಿ ಅಗಲದ ಪರದೆಯ ತುಂಬ, ಮೂಗಿಗೆ ಹತ್ತಿ ಇಟ್ಟುಕೊಂಡ ಮುಂಡಪ್ಪಣ್ಣ ನಾಲ್ವರ ಹೆಗಲ ಮೇಲೆ ತೂಗುತ್ತ ಬಂದರು.

ಮೊದಲ ಸಾಲಿನಿಂದ, "ಅಯ್ಯೋ ದೇವರೇ, ಇವರೇ!" ಎಂಬ ಕೂಗು ಎದ್ದಿತು.

ಮುಂಡಪ್ಪಣ್ಣ ಧಡಕ್ಕನೆ ಎದ್ದರು. ಹಣ್ಣಿನ ಬುಟ್ಟಿ ಉರುಳಿತು. ಕತ್ತಲೆಯಲ್ಲಿ ತಡವರಿಸಿ ಮಾಸ್ಟ್ರ ಕೈಯ ಮೈಕು ಕಿತ್ತುಕೊಂಡು, "ರಾಜೀವಿ, ಹೆದರಬೇಡ! ನಾನು ಸಾಯಲಿಲ್ಲ! ನಾನು ಇಲ್ಲೇ ಇದ್ದೇನೆ!" ಎಂದು ಕಿರುಚಿದರು.

ಪರದೆಯಲ್ಲಿ ಹೆಣ, ಎಂಟು ಸ್ಪೀಕರಿನಲ್ಲಿ ಅದೇ ಹೆಣದ ದನಿ. ಹಿಂದಿನ ಎರಡು ಸಾಲಿನವರು ಚಪ್ಪಲಿ ಬಿಟ್ಟು ಓಡಿದರು. ಮಕ್ಕಳು ಅತ್ತವು. ಪಿಡಿಒ ಸಾಹೇಬರು ಕುರ್ಚಿಯ ಮೇಲೆ ಕಾಲು ಎತ್ತಿಕೊಂಡು ಕುಳಿತರು. ಸನ್ಮಾನ ಪತ್ರವನ್ನು ಅರ್ಧದಲ್ಲಿ ನಿಲ್ಲಿಸಿದ ಚರಿತ್ರೆಯೇ ಇಲ್ಲದ ಮುನಿರಾಜ ಮಾಸ್ಟ್ರು ಮಾತ್ರ ಪರದೆಯ ಬೆಳಕಿಗೆ ಚೌಕಟ್ಟು ಹಿಡಿದು, ಮೈಕಿಲ್ಲದೆಯೇ, "ತಮ್ಮ ಕಲಾಯಾತ್ರೆ ಹೀಗೆಯೇ ಮುಂದುವರಿಯಲಿ" ಎಂದು ಓದುತ್ತಲೇ ಇದ್ದರು.

ಆಗ ಪರದೆಯಲ್ಲಿ ಡೋಲು ನಿಂತಿತು. ಕ್ಯಾಮೆರಾ ಮುಖದ ಹತ್ತಿರಕ್ಕೆ ಬಂತು. ಆ ಮೌನದಲ್ಲಿ ಹೆಣದ ಬಾಯಿ ಕೂದಲೆಳೆಯಷ್ಟು ತೆರೆದು, ಎಂಟು ಸ್ಪೀಕರಿನಲ್ಲೂ ಒಂದು ಗೊರಕೆ ಹೊರಟಿತು. ಸಣ್ಣದಾಗಿ ಶುರುವಾಗಿ, ನಡುವೆ ಸಿಕ್ಕಿ ನಿಂತು, ಆಮೇಲೆ ಒಮ್ಮೆಲೇ ಬಿಡುಗಡೆಯಾಗುವ ಗೊರಕೆ.

ರಾಜೀವಿಯ ಅಳು ಅಲ್ಲಿಗೇ ನಿಂತಿತು. ಇಪ್ಪತ್ತೆಂಟು ವರ್ಷ ಪಕ್ಕದಲ್ಲಿ ಕೇಳಿದ ಗೊರಕೆ ಅದು. ಎಷ್ಟೋ ಸಲ ಮೊಣಕೈಯಲ್ಲಿ ತಿವಿದು ನಿಲ್ಲಿಸಿದ್ದಳು. ಈ ಐದು ತಿಂಗಳಲ್ಲಿ ಮಾತ್ರ ಒಮ್ಮೆಯೂ ತಿವಿದಿರಲಿಲ್ಲ. ಅದು ಕೇಳುತ್ತಿರುವಷ್ಟು ಹೊತ್ತು ಗಂಡ ಇದ್ದಾರೆ ಎಂದು ಕಿವಿಗೊಟ್ಟು ಮಲಗುತ್ತಿದ್ದಳು.

"ಮಲಗಿದ್ದಾರೆ" ಎಂದಳು ಪಕ್ಕದವರಿಗೆ. "ಸಾಯಲಿಲ್ಲ, ಮಲಗಿದ್ದಾರೆ ಅಷ್ಟೆ." ಹಾಗೆ ಹೇಳಿ ನಗಲು ಶುರು ಮಾಡಿದಳು, ಕಣ್ಣಲ್ಲಿ ನೀರಿತ್ತು. ಅವಳು ನಕ್ಕಳೆಂದು ಸಂಘದ ಹೆಂಗಸರು ನಕ್ಕರು, ಆಮೇಲೆ ಸಭೆಯೇ ನಕ್ಕಿತು. ಅಬೂಬಕ್ಕರ್ ನಾಚಿಕೆಯಿಂದ ಸ್ವಿಚ್ ಮೇಲೆತ್ತಿದರು. ಬೆಳಕಿನಲ್ಲಿ ಮುಂಡಪ್ಪಣ್ಣ ಪೇಟ ಕಿವಿಗೆ ಜಾರಿ, ಕೈಯಲ್ಲಿ ಮೈಕು, ಕಾಲ ಬುಡದಲ್ಲಿ ಮೋಸಂಬಿ, ಹಾಗೆ ನಿಂತಿದ್ದರು.

ರಾಜೀವಿಯನ್ನು ಯಾರೂ ಕರೆಯಲಿಲ್ಲ. ಅವಳೇ ವೇದಿಕೆ ಹತ್ತಿದಳು. ಮೊದಲು ಗಂಡನ ಕೈ ಮುಟ್ಟಿ ನೋಡಿದಳು, ಬಿಸಿಯಿತ್ತು. ಆಮೇಲೆ ಕೇಳಿದಳು.

"ಇದು ಯಾವ ದಿನ ಮಾಡಿದ್ದು?"

"ತಂಗಿಯ ಮನೆ ಒಕ್ಕಲಿನ ದಿನ." ಮೈಕು ಇನ್ನೂ ಕೈಯಲ್ಲಿದ್ದುದರಿಂದ ಉತ್ತರ ಇಡೀ ಊರಿಗೆ ಕೇಳಿತು. "ರಾಜೀವಿ, ತಪ್ಪಾಯ್ತು ಮಾರಾಯ್ತಿ. ನೀನು ಹೆದರ್ತಿ ಅಂತ ಹೇಳಲಿಲ್ಲ."

ರಾಜೀವಿ ಬೆರಳು ಮಡಚಿ ಲೆಕ್ಕ ಹಾಕಿದಳು. "ಅಂದರೆ ಹರಕೆಯ ಒಂಬತ್ತನೇ ದಿನ. ಮೂಗಿಗೆ ಹತ್ತಿ ಇಟ್ಟರಾ?"

"ಇಟ್ಟರು."

"ಕಾಲಿಗೆ ದಾರ ಕಟ್ಟಿದರಾ? ಚಟ್ಟಕ್ಕೆ ಹೆಗಲು ಕೊಟ್ಟರಾ?"

"ಕೊಟ್ಟರು."

"ಹಾಗಾದರೆ ಜೋಯಿಸರು ಹೇಳಿದ ಗಂಡಾಂತರ ಅದೇ! ಯಮ ಬಂದಿರ್ತಾನೆ. ಇವರನ್ನು ಆಗಲೇ ಚಟ್ಟದ ಮೇಲೆ ಹೊತ್ತುಕೊಂಡು ಹೋಗ್ತಾ ಇದ್ದದ್ದು ನೋಡಿ, ಇಲ್ಲಿ ಕೆಲಸ ಆಯ್ತು ಅಂತ ವಾಪಸು ಹೋಗಿರ್ತಾನೆ." ಸಭೆಯಲ್ಲಿದ್ದ ಹೆಂಗಸರೆಲ್ಲ ಹೌದು ಹೌದೆಂದರು. ಶಾಸ್ತ್ರ ಬಲ್ಲ ಮಾಸ್ಟ್ರೂ ತಲೆಯಾಡಿಸಿದರು. ಮುಂಡಪ್ಪಣ್ಣ, ಸದ್ಯ ಬದುಕಿದೆ ಎಂದುಕೊಂಡರು.

ಅಷ್ಟರಲ್ಲಿ ರಾಜೀವಿಯ ಮುಖ ಕೆಂಪಾಯಿತು.

"ಗಂಡಾಂತರ ಒಂಬತ್ತನೇ ದಿನವೇ ಕಳೆದಿತ್ತು! ಆಮೇಲಿನ ಐದು ತಿಂಗಳು ನಾನು ತೊಂಡೆಕಾಯಿ ತಿಂದದ್ದು ಯಾರಿಗೋಸ್ಕರ? ಒಂದು ಮಾತು ಹೇಳ್ಲಿಕ್ಕೆ ನಿಮಗೆ ಬಾಯಿ ಇರಲಿಲ್ಲವಾ? ನೀವು ಮಾತ್ರ ವಾರ ವಾರ ಬ್ಯಾಂಕಿಗೆ! ಆ ಬ್ಯಾಂಕಿನ ವಾಸನೆ ನನಗೆ ಗೊತ್ತಾಗುವುದಿಲ್ಲ ಅಂತ ತಿಳಿದಿರಾ?"

ಅದೂ ಮೈಕಿನಲ್ಲಿ ಹೋಯಿತು. ಅಂದಿನ ಕಾರ್ಯಕ್ರಮದಲ್ಲಿ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಆ ಮಾತಿಗೆ.

ಮರುದಿನ ಬೆಳಿಗ್ಗೆ ಎಂಟೂಕಾಲಿಗೇ ರಾಜೀವಿ ಪಾತ್ರೆ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಸ್ಕೂಟರು ನಿಲ್ಲಿಸದೆ ಹೋಗುವುದೇ ಅಭ್ಯಾಸವಾಗಿದ್ದ ಅಬ್ದುಲ್ ನಾಸಿರ್ ಇಪ್ಪತ್ತು ಮಾರು ಮುಂದೆ ಹೋಗಿ ಬ್ರೇಕು ಹಾಕಿ ವಾಪಸು ಬಂದ. ಅವಳು ಬಂಗುಡೆ ಎಷ್ಟೆಂದು ಕೇಳಲಿಲ್ಲ, ಬುಟ್ಟಿಯಲ್ಲಿದ್ದುದನ್ನೆಲ್ಲ ಸುರಿಸಿಕೊಂಡಳು.

ಮೊದಲ ತುಂಡು ಬಾಣಲೆಗೆ ಬಿದ್ದಾಗ ಮುಂಡಪ್ಪಣ್ಣನ ಮೊಬೈಲು ಹೊಡೆದುಕೊಂಡಿತು. ಅವರು ಈರುಳ್ಳಿ ಹೆಚ್ಚುತ್ತಿದ್ದರು. ಅದು ಅವರ ಒಂದು ತಿಂಗಳ ಶಿಕ್ಷೆಯ ಮೊದಲ ದಿನ. ರಾಜೀವಿಯೇ ಫೋನು ಎತ್ತಿದಳು.

"ಅಮ್ಮಾ, ನಾನು ಶರಣ್ಯಾ, ಸಿನಿಮಾದಿಂದ. ಮುಂದಿನ ಚಿತ್ರದಲ್ಲಿ ಮುಂಡಪ್ಪ ಸಾರ್‌ಗೆ ಒಳ್ಳೇ ಪಾತ್ರ ಇದೆ. ಈ ಸಲ ಎರಡು ಪುಟ ಡಯಲಾಗ್ ಕೂಡ ಇದೆ."

ರಾಜೀವಿ ಬಂಗುಡೆ ಮಗುಚಿ ಹಾಕಿ, ಗಂಡನ ಕಡೆ ಒಮ್ಮೆ ನೋಡಿದಳು.

"ಮಾತಾಡುವ ಪಾರ್ಟೆಲ್ಲ ಇವರಿಗೆ ಬೇಡ ಮಗಾ. ಸಾಯುವುದು ಉಂಟಾದರೆ ಹೇಳು, ವರ್ಷಕ್ಕೊಮ್ಮೆ ಕಳಿಸಿಕೊಡ್ತೇನೆ."